ಸವಕಳಿ ಕಳೆದ ಮೇಲೆ

ಬೀಗ ಕತ್ತರಿಸುವ ಶಬ್ದ ಕೇಳಿದಾಗಲೆಲ್ಲ ವರ್ಲಿನ್ ಹಡಲ್‌ಸ್ಟನ್‌ಗೆ ಹಸಿವಾಗುತ್ತಿತ್ತು. ಬಾಡಿಗೆ ಕಟ್ಟಲಾಗದೆ ಯಾರೋ ಕೈಬಿಟ್ಟ ಗೋದಾಮು ಕೋಣೆಯ ಮುಂದೆ ನಿಂತು ಹಸಿವಾಗುವುದು ಮರ್ಯಾದಸ್ಥರ ಲಕ್ಷಣವಲ್ಲ ಎಂದು ಅವನಿಗೆ ಗೊತ್ತಿತ್ತು. ಅದಕ್ಕೇ ಅವನು ಪ್ರತಿ ಹರಾಜಿಗೂ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಜೇಬಿಗೆ ಎರಡು ಪೆನ್ನು ಸಿಕ್ಕಿಸಿಕೊಂಡು ಬರುತ್ತಿದ್ದ. ಒಕ್ಲಹೋಮಾದ ಟಲ್ಸಾ ನಗರದ ಪೂರ್ವದ ಅಂಚಿನಲ್ಲಿ, ಹೆದ್ದಾರಿಯ ಮಗ್ಗುಲಲ್ಲಿ, ಸಾಲು ಸಾಲು ತಗಡಿನ ಶಟರುಗಳ ನಡುವೆ ಏಪ್ರಿಲ್ ಗಾಳಿಗೆ ಟೊಪ್ಪಿ ಒತ್ತಿ ಹಿಡಿದು ನಿಂತಿದ್ದ ಹದಿನಾಲ್ಕು ಜನರಲ್ಲಿ ಕಾಲರಿನ ಗುಂಡಿ ಹಾಕಿಕೊಂಡವನು ಅವನೊಬ್ಬನೇ. ಉಳಿದವರು ವ್ಯಾಪಾರಕ್ಕೆ ಬಂದವರು, ತಾನು ಬಂದದ್ದು ಅಂದಾಜಿಗೆ. ಈ ವ್ಯತ್ಯಾಸ ತನ್ನ ಹೊರತು ಇನ್ನಾರಿಗೂ ಕಾಣುತ್ತಿಲ್ಲ ಎನ್ನುವುದು ಅವನ ದಿನನಿತ್ಯದ ದುಃಖ. ಇಪ್ಪತ್ತೆರಡು ವರ್ಷ ವಿಮಾ ಕಂಪನಿಯೊಂದರಲ್ಲಿ ನಷ್ಟದ ಅಂದಾಜು ಮಾಡಿದವನು ಅವನು. ಬೆಂಕಿ ಬಿದ್ದ ಮನೆ, ಸುಂಟರಗಾಳಿ ಹೊತ್ತೊಯ್ದ ಮಾಡು, ನೀರು ನುಗ್ಗಿದ ನೆಲಮಾಳಿಗೆ, ಯಾವುದಾದರೂ ಸರಿ, ಒಂದು ಸುತ್ತು ಹಾಕಿ ಬಂದರೆ ಸಾಕು, ಅಲ್ಲಿದ್ದವರ ಬದುಕಿನ ಬೆಲೆ ಇಷ್ಟು ಎಂದು ಹೇಳಿಬಿಡುತ್ತಿದ್ದ. ವಸ್ತು ಹಳತಾದಷ್ಟೂ ಸವಕಳಿ ಎಂದು ಬೆಲೆ ಕಳೆಯುತ್ತಿದ್ದುದರಿಂದ ಅದು ಅವರು ಹೇಳಿದ್ದಕ್ಕಿಂತ ಯಾವಾಗಲೂ ಕಡಿಮೆಯೇ ಇರುತ್ತಿತ್ತು. ಕೊನೆಗೆ ಕಂಪನಿ ಫೋಟೋ ನೋಡಿಯೇ ನಷ್ಟ ಹೇಳುವ ಯಂತ್ರವೊಂದನ್ನು ತಂದಿತು. ಅದು ಅವನಿಗಿಂತಲೂ ಕಡಿಮೆ ಹೇಳಿತು. ಬೀಳ್ಕೊಡುಗೆಯ ಕೇಕಿನ ಮೇಲೆ ಅವನ ಹೆಸರಿನ ಕಾಗುಣಿತ ತಪ್ಪಿತ್ತು. ಅದೇ ವರ್ಷ ಹೆಂಡತಿ ಡೋರೀನ್, "ಮೂವತ್ತು ವರ್ಷ ನಿನ್ ಜೊತೆ ಬಾಳಿದೀನಲ್ಲ, ಅದ್ರಲ್ಲಿ ಸವಕಳಿ ಎಷ್ಟು ಕಳೀತೀಯ ಅಂತ ನಾನ್ ಕೇಳಲ್ಲಪ್ಪ" ಎಂದಷ್ಟೇ ಹೇಳಿ ತಂಗಿಯ ಊರಿಗೆ ಹೊರಟುಹೋದಳು. ಈಗ ಅವನ ಕಾರಿನ ಶೆಡ್ಡಿನಲ್ಲಿ ಕಾರಿಗೆ ಜಾಗವಿಲ್ಲ. ಹರಾಜುಗಳಲ್ಲಿ ಕೊಂಡು ಮಾರಲಾಗದೆ ಉಳಿದ ಮೂರು ವ್ಯಾಯಾಮದ ಯಂತ್ರ, ಹನ್ನೊಂದು ಪ್ಲಾಸ್ಟಿಕ್ ಕ್ರಿಸ್ಮಸ್ ಮರ, ಯಾರೋ ಯಾವುದೋ ಆಟದಲ್ಲಿ ಗೆದ್ದ ಬಹುಮಾನದ ಬಟ್ಟಲುಗಳು. ಲಾಭ ಇನ್ನೇನು ಮುಂದಿನ ಶಟರಿನ ಹಿಂದೆ ಕಾದು ಕೂತಿದೆ ಎಂದು ಎರಡು ವರ್ಷದಿಂದ ಅವನಿಗೆ ಅನ್ನಿಸುತ್ತಲೇ ಇತ್ತು.

ನೂರಾ ಹದಿನಾಲ್ಕನೇ ಕೋಣೆಯ ಶಟರು ಮೇಲಕ್ಕೆ ಹೋಯಿತು. ಬಾಗಿಲಲ್ಲಿ ನಿಂತು ಐದು ನಿಮಿಷ ನೋಡಬಹುದು, ಒಳಗೆ ಕಾಲಿಡುವಂತಿಲ್ಲ, ಏನನ್ನೂ ಮುಟ್ಟುವಂತಿಲ್ಲ, ಒಳಗಿದ್ದದ್ದನ್ನೆಲ್ಲ ಒಟ್ಟಿಗೇ ಸವಾಲಿನಲ್ಲಿ ಕೊಳ್ಳಬೇಕು, ಇದು ನಿಯಮ. ಬೆಳಿಗ್ಗೆಯಿಂದ ತೆರೆದ ಕೋಣೆಗಳೆಲ್ಲ ಹೊಟ್ಟೆ ಕೆಟ್ಟವರಂತೆ ಹಾಸಿಗೆ, ಚಪ್ಪಲಿ, ಮುರಿದ ಕುರ್ಚಿಗಳನ್ನು ಹೊಸಿಲಿಗೇ ಕಕ್ಕಿದ್ದವು. ಇದು ಹಾಗಿರಲಿಲ್ಲ. ಒಂದೇ ಅಳತೆಯ ರಟ್ಟಿನ ಪೆಟ್ಟಿಗೆಗಳು ಎರಡೂ ಗೋಡೆಗೆ ತಾಗಿ ಇಟ್ಟಿಗೆಯ ಹಾಗೆ ಏರಿದ್ದವು. ನಡುವೆ ಒಬ್ಬರು ನಡೆದಾಡುವಷ್ಟು ದಾರಿ. ಪ್ರತಿ ಪೆಟ್ಟಿಗೆಗೂ ಒಂದು ನಂಬರು, ನಂಬರಿನ ಕೆಳಗೆ ನೀಲಿ ಶಾಯಿಯಲ್ಲಿ ಬಾಗದ, ಕುಗ್ಗದ ಬರಹ. ವರ್ಲಿನ್ ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಈ ದೇಶದಲ್ಲಿ ಇನ್ನೂ ಇಂಥ ಮನುಷ್ಯರಿದ್ದಾರೆ! ತನ್ನ ಇಡೀ ವೃತ್ತಿಯಲ್ಲಿ ಬೂದಿಯ ನಡುವೆ ನಿಂತು, "ನೆನಪಿಲ್ಲ ಸಾರ್, ಎಷ್ಟಿತ್ತೋ ಏನೋ" ಎಂದು ಅಳುವವರನ್ನೇ ನೋಡಿ ಬೇಸತ್ತಿದ್ದ ಅವನಿಗೆ, ಎಲ್ಲವನ್ನೂ ನೆನಪಿಟ್ಟುಕೊಂಡ ಒಬ್ಬ ಅಪರಿಚಿತ ಸಹೋದರ ಆ ಕತ್ತಲಲ್ಲಿ ಕಂಡ.

"ಏನ್ ಪ್ರೊಫೆಸರ್, ಕಣ್ಣಲ್ಲಿ ನೀರು?" ಎಂದಳು ಟ್ರೂಡಿ. ಹಳೆ ಸಾಮಾನಿನ ಅಂಗಡಿಯ ಒಡತಿ. ವರ್ಲಿನ್ ಸವಾಲು ಕೂಗಿದ ಕಡೆಯಲ್ಲೆಲ್ಲ ಬಾಯಿ ಹಾಕುವುದು ಅವಳ ಮನರಂಜನೆ. "ಮದುವೆ ಗಿದುವೆ ಆಗ್ತೀಯೇನೋ ಆ ಡಬ್ಬಗಳ್ನ?"

"ಅಚ್ಚುಕಟ್ಟಾಗಿ ಇಟ್ಕೊಂಡೋರ ಸಾಮಾನು ಬೆಲೆಬಾಳತ್ತೆ ಟ್ರೂಡಿ. ಅನುಭವದ ಮಾತಿದು."

"ಬೆಲೆಬಾಳೋದಾಗಿದ್ರೆ ಬಾಡಿಗೆ ಕಟ್ತಿದ್ರು ಕಣೋ."

ಜನ ನಕ್ಕರು. ಆ ನಗುವೇ ಅವನನ್ನು ಹಾಳು ಮಾಡಿತು. ಹರಾಜುಗಾರ ಉಸಿರು ಬಿಡದೆ ಕೂಗತೊಡಗಿದಾಗ ನೂರೈವತ್ತು ಡಾಲರಿಗೆ ನಿಲ್ಲಬೇಕೆಂದುಕೊಂಡಿದ್ದವನು ಮುನ್ನೂರಕ್ಕೆ ಬಂದ. ಟ್ರೂಡಿ ಉಗುರು ನೋಡಿಕೊಳ್ಳುತ್ತ ಮುನ್ನೂರೈವತ್ತು ಎಂದಳು. ಅವಳಿಗೂ ಗೊತ್ತಾಗಿದೆ, ಹಾಗಾದರೆ ಒಳಗೆ ಏನೋ ಇದೆ, ಎಂದು ಅವನು ಲೆಕ್ಕ ಹಾಕಿದ. ಅವಳಿಗೆ ಗೊತ್ತಿದ್ದದ್ದು ಒಳಗಿನ ಸಾಮಾನಲ್ಲ, ಅವನ ಸ್ವಭಾವ ಮಾತ್ರ ಎಂಬುದು ಅವನ ಲೆಕ್ಕದಲ್ಲಿ ಬರಲಿಲ್ಲ. ಒಂಬೈನೂರಕ್ಕೆ ಬಂದಾಗ ಅವಳು ಎರಡೂ ಕೈ ಮೇಲೆತ್ತಿ, "ತಗೋ ಮಾರಾಯ, ನಿಂದೇ. ಸುಖವಾಗಿರಿ" ಎಂದಳು. ಯಾರೋ ಚಪ್ಪಾಳೆ ತಟ್ಟಿದರು. ವರ್ಲಿನ್ ತಲೆಬಾಗಿ ಅದನ್ನು ಸ್ವೀಕರಿಸಿದ.

ಮೊದಲ ಪೆಟ್ಟಿಗೆಯಲ್ಲಿ ಆರು ಚಮಚಗಳಿದ್ದವು. ಪ್ರತಿಯೊಂದೂ ಬೇರೆ ಬೇರೆ ತೆಳು ಕಾಗದದಲ್ಲಿ ಸುತ್ತಿದ್ದು, ಪ್ರತಿಯೊಂದಕ್ಕೂ ಒಂದೊಂದು ಲಕೋಟೆ. ಒಂದನ್ನು ಬಿಚ್ಚಿದ. ಬೆಳ್ಳಿ! ಅಲ್ಲ, ಸ್ಟೀಲು, ಅದೂ ತೀರ ಸಾಧಾರಣ ಸ್ಟೀಲು. ಲಕೋಟೆಯಲ್ಲಿ ಚಮಚದ ಬಿಲ್ಲು, ಚಮಚದ ಮುಂಭಾಗದ ಫೋಟೋ, ಹಿಂಭಾಗದ ಫೋಟೋ, ಫೋಟೋದ ಹಿಂದೆ ತಾರೀಖು. ಎರಡನೇ ಪೆಟ್ಟಿಗೆಯಲ್ಲಿ ಬಾತ್‌ರೂಮಿನ ಪರದೆ, ಅದರ ಹನ್ನೆರಡು ಕೊಂಡಿ, ಕೊಂಡಿಗಳ ಬಿಲ್ಲು. ಐದರಲ್ಲಿ ಹೊದಿಕೆಗಳು. ಒಂಬತ್ತರಲ್ಲಿ ಒಂದು ಆಲೂಗೆಡ್ಡೆ ಸಿಪ್ಪೆ ತೆಗೆಯುವ ಚಾಕು, ಅದನ್ನು ಹಿಡಿದ ವಯಸ್ಸಾದ ಹೆಂಗಸಿನ ಕೈಯ ಫೋಟೋ, ಅಂಗಡಿಯ ಮುದ್ರೆ ಬಿದ್ದ ರಸೀದಿ. ಹದಿನೈದು ಪೆಟ್ಟಿಗೆ ಬಿಚ್ಚುವ ಹೊತ್ತಿಗೆ ಅವನ ಬಿಳಿ ಅಂಗಿ ಬೆನ್ನಿಗೆ ಅಂಟಿತ್ತು, ಮತ್ತು ಒಂದು ವಿಷಯ ಖಾತ್ರಿಯಾಗಿತ್ತು: ಇಡೀ ಒಕ್ಲಹೋಮಾದಲ್ಲಿ ಇಷ್ಟು ಅಗ್ಗದ ವಸ್ತುಗಳಿಗೆ ಇಷ್ಟು ಭದ್ರವಾದ ಪುರಾವೆ ಇನ್ನೆಲ್ಲೂ ಇರಲಾರದು. ಪುರಾವೆಯೊಂದನ್ನು ಬಿಟ್ಟು ಇಲ್ಲಿ ಮಾರುವಂಥದ್ದು ಏನೂ ಇರಲಿಲ್ಲ. ಪುರಾವೆಯನ್ನು ಕೊಳ್ಳುವವರಿಲ್ಲ. ನೋಡಿದರೆ ನಗು ಬರಬೇಕಿತ್ತು, ಆದರೆ ಅವನು ಪೆಟ್ಟಿಗೆಯೊಂದರ ಮೇಲೆ ಕೂತ. ಚಮಚಕ್ಕೆ ಯಾರಾದ್ರೂ ಬಿಲ್ಲು ಇಟ್ಕೋತಾರಾ ಸಾರ್, ಎಂದು ಯಾರೋ ಹೆಂಗಸು ಒಮ್ಮೆ ಕೇಳಿದ್ದಳು. ಎಲ್ಲಿ? ಮೂಗಿನ ಮೇಲೆ ಮಸಿ. ಹೌದು, ಮೂಗಿನ ತುದಿಗೆ ಮಸಿ ಹತ್ತಿತ್ತು, ಅದನ್ನು ಒರೆಸಿಕೊಳ್ಳಿ ಎಂದು ಹೇಳಬೇಕೋ ಬೇಡವೋ ಎಂದು ತಾನು ಯೋಚಿಸುತ್ತಿದ್ದ, ಅದಕ್ಕೇ ಅವಳ ಮಾತು ಪೂರ್ತಿ ಕೇಳಿಸಿರಲಿಲ್ಲ.

ಕಾಗದಪತ್ರಗಳಿದ್ದ ಪೆಟ್ಟಿಗೆ ಎಲ್ಲಕ್ಕಿಂತ ಕೊನೆಯದು. ಮೇಲಿನ ಹಾಳೆ ಹನ್ನೊಂದು ವರ್ಷ ಹಿಂದಿನ ಪತ್ರ. 'ಶ್ರೀಮತಿ ಇಮೋಜೀನ್ ಪ್ರೂಯಿಟ್ ಅವರಿಗೆ' ಎಂದು ಶುರುವಾಗಿ, ಚಮಚ ಹನ್ನೆರಡು ಎಂಬ ಹೇಳಿಕೆಗೆ ಪುರಾವೆ ಒದಗಿಸದ ಕಾರಣ ಪರಿಗಣಿಸಿಲ್ಲ ಎಂದು ಮುಂದುವರಿದು, ಮದುವೆಯ ಉಡುಪು ನಲವತ್ತು ವರ್ಷ ಹಳೆಯದಾಗಿದ್ದು ಮುಂದೆ ಧರಿಸುವ ಸಂಭವವಿಲ್ಲದ ಕಾರಣ ಶೇಕಡಾ ತೊಂಬತ್ತರಷ್ಟು ಸವಕಳಿ ಕಳೆಯಲಾಗಿದೆ ಎಂದು ಮುಗಿದಿತ್ತು. ಕೆಳಗೆ ಸಹಿ. ಅವನದೇ. ಬಾಲ ಉದ್ದ ಎಳೆದ, ಆಗ ಅವನು ತುಂಬ ಹೆಮ್ಮೆಪಡುತ್ತಿದ್ದ ಸಹಿ. 'ಮುಂದೆ ಧರಿಸುವ ಸಂಭವವಿಲ್ಲದ' ಎಂಬ ಮಾತು ನಮೂನೆಯಲ್ಲಿ ಇರಲಿಲ್ಲ, ಅದು ಅವನ ಸ್ವಂತ ಸೇರ್ಪಡೆ. ಆ ದಿನ ಅದನ್ನು ಮೇಲಧಿಕಾರಿ ಗ್ಲೆನ್ ಮ್ಯಾಕ್ಸಿ ಓದಿ, "ವಾಹ್, ಎಂಥ ಭಾಷೆ ಕಣಯ್ಯಾ ನಿಂದು" ಎಂದಿದ್ದ. ಆ ಹೊಗಳಿಕೆಯಲ್ಲಿ ವರ್ಲಿನ್ ಒಂದು ವಾರ ಬಾಳಿದ್ದ. ಮಸಿಯ ಮೂಗಿನ ಹೆಂಗಸು ಬೆಂಕಿಯಲ್ಲಿ ಸುಟ್ಟು ಬಾಗಿಲ ಚೌಕಟ್ಟು ಮಾತ್ರ ಉಳಿದಿದ್ದ ಮನೆಯಲ್ಲಿ ನಿಂತು, ಇಡಬೇಕಿತ್ತಮ್ಮ, ಬಿಲ್ಲು ಇಡಬೇಕಿತ್ತು ಎಂಬ ಅವನ ಉಪದೇಶವನ್ನು ತಲೆಯಾಡಿಸಿ ಕೇಳಿದ್ದಳು. ಆಮೇಲೆ ಕೊಂಡ ಒಂದೊಂದು ಚಮಚಕ್ಕೂ ಬಿಲ್ಲು ಇಡುವಷ್ಟು ಶ್ರದ್ಧೆಯಿಂದ ಅವಳು ಅದನ್ನು ಕೇಳಿಸಿಕೊಂಡಿದ್ದಾಳೆಂದು ಅವನಿಗೆ ಹೇಗೆ ಗೊತ್ತಾಗಬೇಕು? ಇಪ್ಪತ್ತೆರಡು ವರ್ಷದಲ್ಲಿ ಅವನ ಮಾತನ್ನು ಅಕ್ಷರಶಃ ಪಾಲಿಸಿದವಳು ಅವಳೊಬ್ಬಳೇ. ಡೋರೀನ್ ಕೂಡ ಪಾಲಿಸಿರಲಿಲ್ಲ.

ಸ್ವಂತದ ಕಾಗದಪತ್ರ ಸಿಕ್ಕರೆ ಕಚೇರಿಗೆ ಒಪ್ಪಿಸಬೇಕೆನ್ನುವುದು ಹರಾಜಿನ ಇನ್ನೊಂದು ನಿಯಮ. ಪತ್ರವನ್ನು ಹರಿದು ಜೇಬಿಗಿಳಿಸುವ ಯೋಚನೆ ಒಂದು ಕ್ಷಣ ಬಂತು. ಆದರೆ ಅದರ ಮೇಲ್ಮೂಲೆಯಲ್ಲಿ ನೀಲಿ ಶಾಯಿಯ ನಂಬರು ಇತ್ತು. ಹರಿದರೆ ಪಟ್ಟಿಯಲ್ಲಿ ಒಂದು ಕಡಿಮೆಯಾಗುತ್ತದೆ. ಅವನು ಪೆಟ್ಟಿಗೆಯನ್ನು ಹೊತ್ತುಕೊಂಡು ಕಚೇರಿಗೆ ಹೋದ. ಮ್ಯಾನೇಜರ್ ಟ್ವೈಲಾ ಸ್ಯಾಂಡ್‌ವಿಚ್ ತಿನ್ನುತ್ತಿದ್ದಳು.

"ಅಯ್ಯೋ, ಇಲ್ಯಾಕೆ ತಂದ್ರಿ? ಆಯಮ್ಮ ಬೆಳಿಗ್ಗೆ ಎಂಟರಿಂದ ಗೇಟಿನ ಹತ್ರಾನೇ ಕೂತಿದಾಳೆ. ಪಾಪ, ಮೂರು ತಿಂಗಳು ಆಸ್ಪತ್ರೇಲಿದ್ಲು. ನಾವು ಕಳಿಸಿದ ನೋಟೀಸೆಲ್ಲ ಹಳೆ ವಿಳಾಸಕ್ಕೆ ಹೋಗಿ ಬಿದ್ದಿದೆ. ಏನ್ ಮಾಡೋಕಾಗತ್ತೆ, ನಿಯಮ ಅಂದ್ರೆ ನಿಯಮ. ಈಗ ಒಳಗೆ ಕಳಿಸ್ತೀನಿ, ನೀವೇ ಕೈಗೆ ಕೊಟ್ಬಿಡಿ."

"ನಾನೇ ಕೊಡಬೇಕಾ?"

"ಕಚ್ಚಲ್ಲ ಕಣ್ರೀ."

ಹೊರಟುಬಿಡಬಹುದಿತ್ತು. ಆದರೆ ಅವನು ತಂದಿದ್ದ ಟ್ರಕ್ಕು ಅರ್ಧ ತುಂಬಿತ್ತು, ಅದರ ಹಿಂಬಾಗಿಲು ತೆರೆದೇ ಇತ್ತು, ಮತ್ತು ಓಡಿಹೋಗುವುದಕ್ಕೂ ಒಂದು ಮಟ್ಟದ ಧೈರ್ಯ ಬೇಕು. ಉಳಿದ ಪೆಟ್ಟಿಗೆಗಳನ್ನು ಅವನು ಸುಮ್ಮನೆ ಹತ್ತಿಸುತ್ತ ಹೋದ. ಬೆನ್ನ ಹಿಂದೆ ಊರುಗೋಲಿನ ಸದ್ದು ಬಂದು ನಿಂತಾಗ ತಿರುಗಲಿಲ್ಲ. ಗುರುತು ಹಿಡಿಯುತ್ತಾಳೆ; ಬೈಯುತ್ತಾಳೆ; ಅಳುತ್ತಾಳೆ. ಈ ಮೂರಕ್ಕೂ ತಕ್ಕ ಮುಖ ಅವನಲ್ಲಿ ತಯಾರಿತ್ತು.

"ಆ ಇಪ್ಪತ್ತೆರಡನ್ನ ತಲೆಕೆಳಗಾಗಿ ಇಟ್ಟಿದೀರಿ," ಎಂದಳು ಇಮೋಜೀನ್ ಪ್ರೂಯಿಟ್. "ಬಾಣದ ಗುರುತು ಮೇಲಕ್ಕೆ ಬರಬೇಕು."

ಅವನು ಇಪ್ಪತ್ತೆರಡನ್ನು ಸರಿಪಡಿಸಿದ. ಅವಳು ಹಿಂದಿಗಿಂತ ಕುಗ್ಗಿಹೋಗಿದ್ದಳು. ಆಸ್ಪತ್ರೆಯ ಗುರುತಿನ ಪಟ್ಟಿ ಇನ್ನೂ ಮಣಿಕಟ್ಟಿನಲ್ಲಿತ್ತು. ಪಕ್ಕದ ಕೋಣೆಯ ಹೊಸಿಲ ಮೇಲೆ ಕೂತು, ಚೀಲದಿಂದ ಒಂಬತ್ತು ಹಾಳೆಗಳ ಕಟ್ಟೊಂದನ್ನು ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡಳು. "ಇದು ಪಟ್ಟಿಯ ಎರಡನೇ ಪ್ರತಿ. ಸಾಮಾನು ವಾಪಸ್ ಕೊಡಿ ಅಂತ ಕೇಳೋಕೆ ಬಂದಿಲ್ಲ ನಾನು, ಗಾಬರಿ ಆಗ್ಬೇಡಿ. ದುಡ್ಡು ಕೊಟ್ಟಿದೀರಿ, ನಿಮ್ದು. ಎಲ್ಲಾ ಬಂದು ಸೇರಿದೆ ಅಂತ ಕೆಳಗೆ ಒಂದು ಸಹಿ ಹಾಕ್ಬಿಡಿ, ಅಷ್ಟೆ. ಯಾರ ಕೈಗೆ ಹೋಯ್ತು ಅಂತ ನಂಗೆ ಗೊತ್ತಿರಬೇಕು."

"ಇದೆಲ್ಲ ಯಾಕಮ್ಮ? ಏನು ಉಪಯೋಗ?"

"ಉಪಯೋಗ ಏನೂ ಇಲ್ಲ. ಕಾಗದದಲ್ಲಿ ಇಲ್ದೇ ಇದ್ರೆ ವಸ್ತು ಇರಲೇ ಇಲ್ಲ ಅಂತಾರೆ. ಹೇಳ್ಕೊಟ್ಟಿದಾರೆ ನಂಗೆ."

ಅವಳು ಅವನ ಮುಖ ನೋಡಿ ಹೇಳಿದಳೋ ಟ್ರಕ್ಕಿನ ಚಕ್ರ ನೋಡಿ ಹೇಳಿದಳೋ ತಿಳಿಯಲಿಲ್ಲ. ಗುರುತು ಹತ್ತಿಲ್ಲ. ಹತ್ತಿಲ್ಲ, ಹನ್ನೊಂದು ವರ್ಷ, ಆಗ ತಲೆ ತುಂಬ ಕೂದಲಿತ್ತು. ಈ ನೆಮ್ಮದಿಯ ಜೊತೆಗೇ ಒಂದು ಸಣ್ಣ ಅವಮಾನವೂ ಆಯಿತು: ಒಬ್ಬರ ಬದುಕಿಗೆ ಬೆಲೆ ಕಟ್ಟಿದವನ ಮುಖವನ್ನು ಅವರು ಅಷ್ಟು ಸುಲಭವಾಗಿ ಮರೆತುಬಿಡಬಹುದೇ? ಪೆನ್ನು ತೆಗೆದ. ಹೆಸರು ಬರೆಯುವ ಗೆರೆಯ ಮೇಲೆ ಅವನ ಕೈ ಒಂದಿಷ್ಟು ತಡೆಯಿತು. ಆಮೇಲೆ, ಯಾರೋ ಹೇಳಿಕೊಟ್ಟ ಹಾಗೆ, ಗ್ಲೆನ್ ಮ್ಯಾಕ್ಸಿ ಎಂದು ಬರೆಯಿತು. ಬಾಲ ಎಳೆಯಲಿಲ್ಲ. ಮೇಲಧಿಕಾರಿಯ ಮೇಲೆ ಏನನ್ನಾದರೂ ಹೊರಿಸಬೇಕೆಂಬ ಇಪ್ಪತ್ತೆರಡು ವರ್ಷದ ಆಸೆ ಇಂಥ ಜಾಗದಲ್ಲಿ, ಇಷ್ಟು ಸಲೀಸಾಗಿ ಈಡೇರಿದ್ದಕ್ಕೆ ಅವನಿಗೆ ಸಂತೋಷವೇ ಆಯಿತು ಎನ್ನಬೇಕು.

ಇಮೋಜೀನ್ ಕನ್ನಡಕ ಏರಿಸಿ ಓದಿದಳು. "ಥ್ಯಾಂಕ್ಸ್ ಮಿಸ್ಟರ್ ಮ್ಯಾಕ್ಸಿ. ಲೈಸೆನ್ಸ್ ಸ್ವಲ್ಪ ತೋರಿಸ್ತೀರಾ?"

"ಏನು?"

"ಡ್ರೈವಿಂಗ್ ಲೈಸೆನ್ಸ್. ಬಾಯಿಮಾತಿಗೆ ಏನು ಬೆಲೆ ಹೇಳಿ. ನಂಬರ್ ಬರ್ಕೋಬೇಕು."

ಹೆದ್ದಾರಿಯಲ್ಲಿ ಲಾರಿಗಳು ಹೋದವು. ದೂರದಲ್ಲಿ ಹರಾಜುಗಾರನ ಕೂಗು ಇನ್ನೊಂದು ಕೋಣೆಯ ಮುಂದೆ ಶುರುವಾಯಿತು. ಮನೆಯಲ್ಲಿ ಬಿಟ್ಟು ಬಂದಿದ್ದೇನೆ ಎನ್ನಬಹುದಿತ್ತು. ಆದರೆ ಇಪ್ಪತ್ತೆರಡು ವರ್ಷ ಜನ ಅವನಿಗೆ ಅದನ್ನೇ ಹೇಳಿದ್ದರು, ಮನೆಯಲ್ಲಿತ್ತು ಸಾರ್, ಮನೆ ಸುಟ್ಟುಹೋಯ್ತು. ಅವನು ಒಬ್ಬರನ್ನೂ ನಂಬಿರಲಿಲ್ಲ. ವರ್ಲಿನ್ ಪರ್ಸು ತೆಗೆದು ಲೈಸೆನ್ಸ್ ಅವಳ ಕೈಗೆ ಕೊಟ್ಟ. ಅವಳು ಅದನ್ನು ಬೆಳಕಿಗೆ ಹಿಡಿದು ನೋಡಿದಳು. ಹಾಳೆ ನೋಡಿದಳು. ತನ್ನ ಪೆನ್ನು ತೆಗೆದು 'ಗ್ಲೆನ್ ಮ್ಯಾಕ್ಸಿ'ಯ ಮೇಲೆ ನೇರವಾದ ಒಂದು ಗೆರೆ ಎಳೆದು, ಅದರ ಮೇಲೆ ನೀಲಿ ಶಾಯಿಯಲ್ಲಿ ಅವನ ಹೆಸರನ್ನು ಬರೆದಳು. ಕಾಗುಣಿತ ಸರಿಯಾಗಿತ್ತು.

"ತಿದ್ದಿದ ಕಡೆ ಒಂದು ಚಿಕ್ಕ ಸಹಿ ಮಾಡಿ ಮಿಸ್ಟರ್ ಹಡಲ್‌ಸ್ಟನ್. ಇಲ್ದಿದ್ರೆ ನಡೆಯಲ್ಲ."

ಅವನು ಮಾಡಿದ. ಈಗ ಬೈಗುಳ ಬರುತ್ತದೆ ಎಂದು ತಲೆ ತಗ್ಗಿಸಿ ಕಾದ. ಅವಳು ಹಾಳೆಗಳನ್ನು ಮಡಿಸಿ ಚೀಲಕ್ಕೆ ಹಾಕಿ ಜಿಪ್ ಎಳೆದಳು. ಕಾಗದದ ಪೆಟ್ಟಿಗೆಯನ್ನು ಎತ್ತಲು ಹೋಗಿ, ಆಗದೆ, ಅದರ ಪಕ್ಕದಲ್ಲಿ ಉಸಿರು ತೆಗೆದುಕೊಂಡು ನಿಂತಳು. "ಬಸ್ಸು ಎಷ್ಟೊತ್ತಿಗಿದೆಯೋ," ಎಂದಳು ತನಗೆ ತಾನೇ.

"ನಾನು ಬಿಡ್ತೀನಿ," ಎಂದ ವರ್ಲಿನ್. ಇದು ಪಶ್ಚಾತ್ತಾಪವೆಂದು ಅವನು ಆಮೇಲೆ ಅಂದುಕೊಂಡ. ಆ ಕ್ಷಣದಲ್ಲಿ ಬೈಗುಳ ಬಾಕಿ ಉಳಿಸಿಕೊಂಡು ಹೋಗಲು ಅವನಿಂದ ಆಗಲಿಲ್ಲ, ಅಷ್ಟೆ.

ದಾರಿಯುದ್ದಕ್ಕೂ ಅವಳು ಮಾತಾಡಿದ್ದು ಎಡಕ್ಕೆ, ಬಲಕ್ಕೆ, ನೇರ ಎಂದು ಮಾತ್ರ. ಹಿಂದೆ ಅವಳ ಸಾಮಾನೆಲ್ಲ ಪ್ರತಿ ಹಳ್ಳದಲ್ಲೂ ಕುಲುಕಾಡಿದಾಗ ಅವಳ ಕೈ ಸೀಟಿನ ಅಂಚನ್ನು ಹಿಡಿಯುತ್ತಿತ್ತು. ಪ್ರತಿ ಕೆಂಪು ದೀಪಕ್ಕೂ ವರ್ಲಿನ್ ಮೈ ಗಟ್ಟಿ ಮಾಡಿಕೊಂಡ. ಬೆಂಕಿಯ ಸುದ್ದಿ ಎತ್ತಲಿ, ಅವಳ ಗಂಡನ ಸುದ್ದಿ ಎತ್ತಲಿ. ಆ ಗಂಡ ಅಂದು ಅಂಗಳದಲ್ಲಿ ಬಕೆಟ್ಟಿನ ಮೇಲೆ ಕೂತು ಒಂದು ಮಾತೂ ಆಡಿರಲಿಲ್ಲ, ಅವನಿಗೂ ಒಂದು ಹೆಸರಿತ್ತಲ್ಲ, ಏನದು, ಅರ್ಜಿಯಲ್ಲಿ ಎರಡನೇ ಸಾಲು. ಕ್ಷಮಿಸಿ ಎಂಬ ಮಾತನ್ನು ನಾಲ್ಕು ಬಗೆಯಲ್ಲಿ ಜೋಡಿಸಿ ನೋಡಿದ. ನಾಲ್ಕರಲ್ಲೂ 'ಆಗಿನ ನಿಯಮಗಳ ಪ್ರಕಾರ' ಎಂಬುದು ಹೇಗೋ ನುಸುಳಿಕೊಂಡಿತು.

"ನಿಲ್ಲಿಸಿ. ಇದೇ."

ವಾರದ ಬಾಡಿಗೆಗೆ ಕೋಣೆ ಕೊಡುವ ಮೋಟೆಲು. ನೆಲಮಹಡಿಯ ಏಳನೇ ಬಾಗಿಲು. ಕಾಗದದ ಪೆಟ್ಟಿಗೆಯನ್ನು ಒಳಗಿಟ್ಟು ಹೊರಬಂದ ಅವನಿಗೆ ಕೋಣೆ ಕಂಡಿತು: ಮಂಚ, ಟಿವಿ, ಒಂದು ಕುರ್ಚಿ, ಕುರ್ಚಿಯ ಮೇಲೆ ಔಷಧಿ. ನಾಲ್ಕು ವಾಕ್ಯಗಳಲ್ಲಿ ಯಾವುದನ್ನು ಹೇಳುವುದೆಂದು ಅವನು ಆರಿಸತೊಡಗಿದ.

"ಕಾಫಿ ಕುಡ್ಕೊಂಡು ಹೋಗಿ ಅನ್ನಬೇಕು ನಾನು," ಎಂದಳು ಇಮೋಜೀನ್. "ಆದ್ರೆ ಕಾಫಿ ಪಾತ್ರೆ ನಿಮ್ ಹತ್ರ ಇದೆ. ಮೂವತ್ತೊಂದನೇ ಡಬ್ಬ."

ಮೂವತ್ತೊಂದು ತಳದಲ್ಲಿತ್ತು, ಅದರ ಮೇಲೆ, ಅವನೇ ಇಟ್ಟಂತೆ, ಎಲ್ಲ ಇದ್ದವು. ವರ್ಲಿನ್ ಒಂದೊಂದಾಗಿ ಇಳಿಸಿದ. ಅವಳು ಬಾಗಿಲಲ್ಲಿ ಊರುಗೋಲು ಊರಿ ನಿಂತು, "ಹುಷಾರು, ಅದ್ರಲ್ಲಿ ಗಾಜಿದೆ. ಅದನ್ನ ಬಿಸಿಲಿಗಿಡ್ಬೇಡಿ" ಎನ್ನುತ್ತಿದ್ದಳು. ಪಾತ್ರೆ ಸಿಗುವ ಹೊತ್ತಿಗೆ ಏಳನೇ ಬಾಗಿಲ ಮುಂದಿನ ಕಟ್ಟೆಯ ಉದ್ದಕ್ಕೂ ಪೆಟ್ಟಿಗೆಗಳು ನಂಬರಿನ ಪ್ರಕಾರ ಸಾಲಾಗಿ ಬಂದು ಕೂತಿದ್ದವು. ಅವನು ಬೆವರು ಒರೆಸಿಕೊಂಡು ಆ ಸಾಲನ್ನು ನೋಡಿದ. ಇವನ್ನೆಲ್ಲ ಇಲ್ಲೇ ಬಿಟ್ಟು ಹೋದರೆ? ಇದನ್ನು ಹೇಳಲು ಕ್ಷಮಿಸಿ ಎಂಬ ಪದವೂ ಬೇಕಾಗಿರಲಿಲ್ಲ. ಎಷ್ಟು ಅಗ್ಗದಲ್ಲಿ ಮುಗಿಯುತ್ತಿದೆ!

"ಎಲ್ಲಾ ನಿಮಗೇ ಇರಲಿ ಅಮ್ಮ," ಎಂದ, ದನಿ ನಡುಗಿಸಿ. "ನಂಗೆ ಏನೂ ಬೇಡ. ದುಡ್ಡೂ ಬೇಡ. ಇಟ್ಕೊಂಡ್ಬಿಡಿ."

ಇಮೋಜೀನ್ ಅವನನ್ನು ಮೊದಲ ಬಾರಿಗೆ ನೆಟ್ಟಗೆ ನೋಡಿದಳು. ಅದರಲ್ಲಿ ಕೋಪವಿರಲಿಲ್ಲ, ಹಗೆಯಿರಲಿಲ್ಲ; ಲೆಕ್ಕ ತಪ್ಪಿದ ಮಕ್ಕಳನ್ನು ಟೀಚರು ನೋಡುವ ಹಾಗೆ ನೋಡಿದಳು.

"ಎಲ್ಲಿ ಇಟ್ಕೊಳ್ಳಿ ಸಾರ್?" ಎಂದಳು. "ನೀವೇ ಒಳಗೆ ಹೋಗಿ ಬಂದ್ರಲ್ಲ. ಅಳತೆ ಮಾಡೋದು ನಿಮಗೆ ಗೊತ್ತು."

ಅವನು ಒಳಗೆ ನೋಡಿದ. ಮಂಚ, ಟಿವಿ, ಕುರ್ಚಿ. ಅಭ್ಯಾಸಬಲದಿಂದ ಅವನ ಕಣ್ಣು ನಾಲ್ಕು ಗೋಡೆಗಳನ್ನು ಅಳೆದು, ಎರಡು ಪೆಟ್ಟಿಗೆ ಹಿಡಿಯುತ್ತದೆ, ಒತ್ತಿದರೆ ಮೂರು, ಎಂದು ಉತ್ತರ ಕೊಟ್ಟಿತು. ಅಂದಾಜು ಎಂದಿನಂತೆ ಕರಾರುವಾಕ್ಕಾಗಿತ್ತು. ಅವಳು ಪಾತ್ರೆಯನ್ನು ತೊಳೆದು ಕಾಫಿ ಮಾಡಿ, ಮೋಟೆಲಿನ ಕಾಗದದ ಲೋಟದಲ್ಲಿ ಅವನಿಗೂ ಕೊಟ್ಟಳು. ಇಬ್ಬರೂ ಬಾಗಿಲಲ್ಲೇ ನಿಂತು ಕುಡಿದರು. ಕಾಫಿ ಚೆನ್ನಾಗಿತ್ತು. ಅದು ಇನ್ನೂ ಕಷ್ಟವಾಯಿತು.

"ಆರ್ವಿಲ್‌ಗೆ ಈ ಪಾತ್ರೇದು ಬಿಟ್ರೆ ಬೇರೆ ಕಾಫಿ ಇಳೀತಿರಲಿಲ್ಲ," ಎಂದಳು ಇಮೋಜೀನ್. ಅರ್ಜಿಯ ಎರಡನೇ ಸಾಲಿನ ಹೆಸರು ಅದೇ. "ಸುಟ್ಟಿದ್ದರ ಥರದ್ದೇ ಹುಡ್ಕಿ ತಂದಿದ್ದ. ಇದು ಮಾತ್ರ ನಂಗಿರಲಿ. ಪಟ್ಟೀಲಿ ವಾಪಸ್ ಅಂತ ಬರೀತೀನಿ." ಬರೆದಳು. ಅವನು ಅದಕ್ಕೂ ಸಹಿ ಮಾಡಿದ. "ಇನ್ನು ಹತ್ತಿಸಿ. ಮೋಟೆಲಿನ ಮ್ಯಾನೇಜರ್ ನೋಡಿದ್ರೆ ಕೂಗಾಡ್ತಾನೆ, ಕಟ್ಟೆ ಮೇಲೆ ಸಾಮಾನು ಇಡೋ ಹಾಗಿಲ್ಲ."

ಅವನು ಹತ್ತಿಸತೊಡಗಿದ. ಈ ಸಲ ಬಾಣದ ಗುರುತುಗಳೆಲ್ಲ ಮೇಲಕ್ಕಿದ್ದವು. ಅವಳು ನಂಬರು ಕೂಗಿದಳು, ಅವನು ಹೂಂ ಎಂದ, ಅವಳು ಹಾಳೆಯ ಮೇಲೆ ಗುರುತು ಹಾಕಿದಳು. ಇಪ್ಪತ್ತನೆಯದು ಎತ್ತುವಾಗ ಪಕ್ಕದ ಬಾಗಿಲಿಂದ ಬನಿಯನ್ ತೊಟ್ಟ ಒಬ್ಬ ಮುದುಕ ಕಣ್ಣುಜ್ಜಿಕೊಳ್ಳುತ್ತ ಹೊರಬಂದ.

"ಏನ್ ಇಮೋಜೀನ್, ನಿನ್ನೆ ತಾನೆ ಬಂದೆ, ಆಗ್ಲೇ ಖಾಲಿ ಮಾಡ್ತಿದೀಯಾ?"

"ನಾನಲ್ಲಪ್ಪ, ಇವರು. ನಾನು ಸುಮ್ನೆ ಎಣಿಸ್ತಿದೀನಿ."

ಮುದುಕ ಒಳ್ಳೆಯವನು. ಕೇಳದೆಯೇ ಬಂದು ಇನ್ನೊಂದು ತುದಿ ಹಿಡಿದ. ಇಬ್ಬರೂ ಸೇರಿ ಕೊನೆಯ ಪೆಟ್ಟಿಗೆಯನ್ನು ಏರಿಸಿದರು, ಮೇಲೆ ಹಗ್ಗ ಎಳೆದರು. ಅಷ್ಟು ಹೊತ್ತಿಗೆ ಇಮೋಜೀನ್ ಒಳಗೆ ಹೋಗಿ ಬಾಗಿಲು ಹಾಕಿಕೊಂಡಿದ್ದಳು. ಚಿಲಕ ಬಿದ್ದ ಸದ್ದು ಮಾತ್ರ ಕೇಳಿಸಿತು, ಹೋಗಿ ಬನ್ನಿ ಎಂದದ್ದು ಅವನಿಗೆ ಕೇಳಿಸಲಿಲ್ಲ, ಅಥವಾ ಅವಳು ಹೇಳಲೇ ಇಲ್ಲ.

"ಎಲ್ಲಿಗೆ ಸಾಗಿಸ್ತಿದೀರಿ ಸಾರ್, ಇಷ್ಟೊಂದು?" ಎಂದು ಕೇಳಿದ ಮುದುಕ, ಗಂಟು ಬಿಗಿಯುತ್ತ.

ವರ್ಲಿನ್ ಏಳನೇ ಬಾಗಿಲನ್ನು ನೋಡಿದ.

"ಮನೆಗೆ," ಎಂದ.

"ಪುಣ್ಯವಂತರು," ಎಂದ ಮುದುಕ, ಹಗ್ಗದ ತುದಿಯನ್ನು ಅವನ ಕೈಗೆ ಕೊಟ್ಟು ಬೆನ್ನು ತಟ್ಟುತ್ತ. "ಮನೆಯೋರು ಕಾಯ್ತಿರ್ತಾರೆ, ಹೊರಡಿ."